ಸಾಣಿಗೆಯ ಮೇಲುಳಿದ ತವುಡು

ಗೋಧಿಯನ್ನು ಗಿರಣಿಯಲ್ಲಿ ಬೀಸಿಸಿ ತಂದು, ಹಿಟ್ಟನ್ನು ಸಾಣಿಗೆ ಹಿಡಿದು, ಮೇಲೆ ಉಳಿದ ತವುಡನ್ನು ಎಮ್ಮೆಯ ಬಾನಿಗೆ ಸುರಿಯುವುದು ನಮ್ಮ ಭಾಗದ ಮನೆಗಳಲ್ಲಿ ನಿತ್ಯದ ರೂಢಿ. ಅದೇ ಮನೆಯ ಹಿರಿಯರು ಮಲಬದ್ಧತೆಗೆಂದು ಔಷಧದ ಅಂಗಡಿಯಿಂದ ಇಸಬಗೋಲದ ಪೊಟ್ಟಣ ತರಿಸುತ್ತಾರೆ. ಇಸಬಗೋಲವೆಂದರೂ ಒಂದು ಬೀಜದ ಮೇಲುಸಿಪ್ಪೆಯೇ. ಮನೆಯ ಸಿಪ್ಪೆಯನ್ನು ಎಮ್ಮೆಗೆ ಹಾಕಿ, ಅಂಗಡಿಯ ಸಿಪ್ಪೆಯನ್ನು ಹಣ ಕೊಟ್ಟು ತರುವ ಈ ವ್ಯವಹಾರವನ್ನು ದೇಗಾಂವ, ಕಿತ್ತೂರು, ಬೈಲಹೊಂಗಲಗಳ ಸುತ್ತಮುತ್ತ ವೈದ್ಯವೃತ್ತಿ ಮಾಡಿಕೊಂಡಿರುವ ನಾನು ಮೂರು ದಶಕಗಳಿಗೂ ಮಿಕ್ಕಿ ಕಾಣುತ್ತ ಬಂದಿದ್ದೇನೆ. ಎಮ್ಮೆಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ಧಾನ್ಯದ ಸಾರವೆಲ್ಲ ಬಾನಿಗೆ ಹೋಗಿ, ಬಿಳಿಯ ಪಿಷ್ಟವಷ್ಟೇ ನಮ್ಮ ತಾಟಿಗೆ ಬರುತ್ತಿರುವುದನ್ನು ಕಂಡು ಸುಮ್ಮನಿರಲಾರದೆ ಈ ಲೇಖನ.

ತವುಡಿಗೆ ನಮ್ಮ ಭಾಷೆಯಲ್ಲಿಯೇ ಮರ್ಯಾದೆ ಕಡಿಮೆ. ವ್ಯರ್ಥ ಕೆಲಸಕ್ಕೆ ತವುಡು ಕುಟ್ಟುವುದು ಎನ್ನುತ್ತೇವೆ. 1973ರಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗೆಗೆ ಬೂಸಾ ಎಂಬ ಪದ ಬಳಸಿದ್ದಕ್ಕೆ ನಾಡಿನಲ್ಲಿ ಎಂಥ ಗದ್ದಲವಾಯಿತು, ಅವರು ಸಚಿವ ಸ್ಥಾನವನ್ನೇ ಬಿಡಬೇಕಾಯಿತು ಎಂಬುದು ಹಿರಿಯ ಓದುಗರಿಗೆ ನೆನಪಿದ್ದೀತು. ಆ ವಾದದ ಒಳಹೊರಗನ್ನು ನಾನಿಲ್ಲಿ ಎತ್ತುವುದಿಲ್ಲ. ಬೂಸಾ ಎಂದರೆ ಹುರುಳಿಲ್ಲದ್ದು ಎಂದು ಎರಡೂ ಕಡೆಯವರು ಒಪ್ಪಿಕೊಂಡೇ ಜಗಳವಾಡಿದರಲ್ಲ, ವೈದ್ಯನಾದ ನನಗೆ ಅದೊಂದೇ ಸೋಜಿಗ.

ಶರಣ ಪರಂಪರೆ ಹೀಗೆ ನೋಡಲಿಲ್ಲ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕೊಟ್ಟಣದ ಸೋಮಮ್ಮ ಒಬ್ಬರು. ಕೊಟ್ಟಣವೆಂದರೆ ಭತ್ತ ಕುಟ್ಟಿ ಅಕ್ಕಿ ಮಾಡುವ ಕೆಲಸ. ಅದೇ ಅವರ ಕಾಯಕ. ಕಾಯಕದ ಹೆಸರೇ ಅವರ ಹೆಸರಿನ ಮೊದಲಿಗೆ ನಿಂತಿದೆ. ಒನಕೆಯ ಕೆಳಗೆ ಭತ್ತವು ಹೊಟ್ಟು, ತವುಡು, ನುಚ್ಚು, ಅಕ್ಕಿ ಎಂದು ನಾಲ್ಕಾಗುವುದನ್ನು ದಿನವೂ ಕಂಡ ಕೈ ಅದು. ನಮ್ಮ ಹಳ್ಳಿಗಳಲ್ಲಿಯೂ ಕುಟ್ಟುವವರಿಗೆ ಕೂಲಿಯ ಜೊತೆಗೆ ನುಚ್ಚು, ತವುಡು ಸಿಗುತ್ತಿದ್ದುದುಂಟು. ಉಳ್ಳವರ ಮನೆಯವರು ತೀಡಿದ ಅಕ್ಕಿ ಉಂಡರು, ಕುಟ್ಟಿದವರು ತವುಡು ಬೆರೆಸಿದ ಅಂಬಲಿ ಕುಡಿದರು. ಪೋಷಣೆಯ ಲೆಕ್ಕದಲ್ಲಿ ಯಾರ ಪಾಲು ದೊಡ್ಡದಾಯಿತು ಎಂಬುದನ್ನು ಮುಂದೆ ನೋಡೋಣ.

ಹೊಟ್ಟು ಬೇರೆ, ತವುಡು ಬೇರೆ

ಮೊದಲು ಪದಗಳನ್ನು ಬಿಡಿಸಿಕೊಳ್ಳಬೇಕು. ಭತ್ತದ ಹೊರಗಿನ ಒರಟು ಕವಚವೇ ಹೊಟ್ಟು, ಸಂಸ್ಕೃತದಲ್ಲಿ ತುಷ. ಅದು ಮನುಷ್ಯರಿಗೆ ಆಹಾರವಲ್ಲ. ಇಟ್ಟಿಗೆ ಭಟ್ಟಿಗೆ, ಒಲೆಗೆ ಸರಿ. ಹೊಟ್ಟು ಕಳೆದ ಮೇಲೆ ಕಾಳಿಗೆ ಅಂಟಿಕೊಂಡಿರುವ ಕಂದು ಬಣ್ಣದ ತೆಳು ಪದರಗಳೇ ತವುಡು. ಗೋಧಿಗೆ ಈ ಹೊರಹೊಟ್ಟು ಒಕ್ಕುವಾಗಲೇ ಕಳೆದುಹೋಗಿರುತ್ತದೆ; ಆದ್ದರಿಂದ ಸಾಣಿಗೆಯಲ್ಲಿ ಉಳಿಯುವುದೆಲ್ಲ ತವುಡೇ. ಅಂಗಡಿಯವರು ಅದನ್ನೇ ಬೂಸಾ ಎನ್ನುತ್ತಾರೆ.

ನೂರು ಗ್ರಾಂ ಗೋಧಿಯಲ್ಲಿ ಸುಮಾರು 14 ಗ್ರಾಂ ತವುಡು, ಎರಡು ಮೂರು ಗ್ರಾಂ ಮೊಳಕೆಯ ಭಾಗ, ಉಳಿದದ್ದು ಪಿಷ್ಟ ತುಂಬಿದ ಒಳತಿರುಳು. ಪ್ರಮಾಣದಲ್ಲಿ ಸಣ್ಣದಾದ ಆ ಹೊರಪದರದಲ್ಲಿಯೇ ಪ್ರಕೃತಿಯು ಕಬ್ಬಿಣ, ಮೆಗ್ನೀಸಿಯಂ, ರಂಜಕ, ಸತು ಇವುಗಳನ್ನೂ ಬಿ ಗುಂಪಿನ ಜೀವಸತ್ವಗಳನ್ನೂ ಕೂಡಿಟ್ಟಿದೆ. ನೂರು ಗ್ರಾಂ ಗೋಧಿ ತವುಡಿನಲ್ಲಿ ನಾರಿನ ಅಂಶವೇ 40 ಗ್ರಾಂಗೂ ಹೆಚ್ಚು. ಸಸಾರಜನಕ ಸುಮಾರು 15 ಗ್ರಾಂ. ಕಬ್ಬಿಣ ಸುಮಾರು 10 ಮಿಲಿಗ್ರಾಂ. ಮೆಗ್ನೀಸಿಯಂ 600 ಮಿಲಿಗ್ರಾಂನಷ್ಟು. ಅಕ್ಕಿಯ ತವುಡಿನಲ್ಲಿ ನಾರು ಇದರ ಅರ್ಧದಷ್ಟಾದರೂ ಎಣ್ಣೆಯ ಅಂಶ ನೂರಕ್ಕೆ ಇಪ್ಪತ್ತರ ಸಮೀಪ. ಇಂದು ಅಂಗಡಿಯಲ್ಲಿ ಸಿಗುವ ತವುಡೆಣ್ಣೆ ಇದರಿಂದಲೇ ಬಂದದ್ದು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕಗಳನ್ನು ತೆರೆದರೆ ಸಾಣಿಗೆಯ ಲೆಕ್ಕ ಕಣ್ಣಿಗೆ ಕಾಣುತ್ತದೆ. ಪೂರ್ಣ ಗೋಧಿಹಿಟ್ಟಿನ ನೂರು ಗ್ರಾಂನಲ್ಲಿ ನಾರು 11 ಗ್ರಾಂಗಿಂತ ಹೆಚ್ಚು, ಮೈದಾದಲ್ಲಿ ಮೂರಕ್ಕಿಂತ ಕಡಿಮೆ. ಜೋಳದಲ್ಲಿ ಸುಮಾರು 10, ಸಜ್ಜೆಯಲ್ಲಿ 11ಕ್ಕೂ ಮೇಲು, ತೀಡಿದ ಬಿಳಿ ಅಕ್ಕಿಯಲ್ಲಿ ಮೂರರ ಆಸುಪಾಸು. ಕಬ್ಬಿಣವನ್ನು ನೋಡಿದರೆ ಜೋಳದಲ್ಲಿ ನಾಲ್ಕು ಮಿಲಿಗ್ರಾಂನಷ್ಟಿದ್ದರೆ ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಸಹ ಇಲ್ಲ. ದಿನಕ್ಕೆ 2000 ಕಿಲೋ ಕ್ಯಾಲೊರಿ ಆಹಾರ ಸೇವಿಸುವವರಿಗೆ 30 ಗ್ರಾಂನಷ್ಟು ನಾರು ಬೇಕೆಂಬುದು ಅದೇ ಸಂಸ್ಥೆಯ ಸಲಹೆ. ಮುಂಜಾನೆ ರವೆಯ ಉಪ್ಪಿಟ್ಟು, ಮಧ್ಯಾಹ್ನ ಬಿಳಿ ಅನ್ನ, ಸಂಜೆ ಬೇಕರಿಯ ಖಾರಿ, ರಾತ್ರಿ ಸಾಣಿಸಿದ ಹಿಟ್ಟಿನ ಚಪಾತಿ ಎಂಬ ಊಟದಲ್ಲಿ ಇದರ ಅರ್ಧ ಮುಟ್ಟುವುದೂ ಕಷ್ಟ.

ಕೋಳಿಗಳು ಹೇಳಿದ ಸತ್ಯ

ತವುಡಿನ ಬೆಲೆ ಆಧುನಿಕ ವೈದ್ಯಲೋಕಕ್ಕೆ ತಿಳಿದದ್ದು ಕೋಳಿಗಳಿಂದ. ಆ ಕಥೆಯನ್ನು ಸ್ವಲ್ಪ ಸಾವಕಾಶವಾಗಿ ಹೇಳುವುದು ಯೋಗ್ಯ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಏಷ್ಯಾದ ಅನ್ನ ಉಣ್ಣುವ ನಾಡುಗಳಲ್ಲಿ ಬೆರಿಬೆರಿ ಎಂಬ ರೋಗ ಸಾವಿರಾರು ಜನರನ್ನು ಕೊಲ್ಲುತ್ತಿತ್ತು. ಕೈಕಾಲುಗಳು ಜೋಮು ಹಿಡಿದು, ನಡೆಯಲಾರದಂತಾಗಿ, ಮೈ ಬಾತು, ಹೃದಯ ಸೋತು ಸಾವು. ಉಗಿಯಂತ್ರದ ಅಕ್ಕಿಗಿರಣಿಗಳು ಹರಡಿದಂತೆ ಈ ರೋಗವೂ ಹರಡಿತು. ಆದರೆ ಆ ಸಂಬಂಧ ಅಂದು ಯಾರಿಗೂ ಹೊಳೆಯಲಿಲ್ಲ. ಇದು ಯಾವುದೋ ಸೂಕ್ಷ್ಮಾಣುವಿನ ಕೆಲಸವೆಂದೇ ಪಂಡಿತರು ನಂಬಿದ್ದರು. ಜಪಾನಿನ ನೌಕಾಪಡೆಯ ವೈದ್ಯ ತಕಾಕಿ ಕಾನೆಹಿರೊ ಮಾತ್ರ 1884ರಲ್ಲಿ ಒಂದು ಹಡಗಿನ ನಾವಿಕರ ಊಟವನ್ನೇ ಬದಲಿಸಿ ಕಳುಹಿಸಿದರು. ರೋಗ ಬಹುಮಟ್ಟಿಗೆ ನಿಂತಿತು. ಮುಂದೆ ನೌಕಾಪಡೆಯ ಅನ್ನಕ್ಕೆ ಬಾರ್ಲಿ ಬೆರೆಯಿತು.

ಅತ್ತ ಜಾವಾ ದ್ವೀಪದ ಬಟೇವಿಯಾದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಇದೇ ರೋಗದ ಬೆನ್ನು ಹತ್ತಿದ್ದರು. 1890ರ ಸುಮಾರಿಗೆ ಅವರ ಪ್ರಯೋಗಾಲಯದ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ನಂತರ ಔಷಧವಿಲ್ಲದೆ ತಾವೇ ಎದ್ದು ನಿಂತವು. ವಿಚಾರಿಸಿದಾಗ ತಿಳಿದದ್ದಿಷ್ಟು: ನಡುವಿನ ಆ ಅವಧಿಯಲ್ಲಿ ಕೋಳಿಗಳಿಗೆ ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ಹಾಕುತ್ತಿದ್ದರು. ಅಡುಗೆಯವನು ಬದಲಾದ. ಸೈನಿಕರ ಅಕ್ಕಿಯನ್ನು ನಾಗರಿಕರ ಕೋಳಿಗಳಿಗೆ ಕೊಡಲಾಗದೆಂದು ಹೊಸಬ ನಿರಾಕರಿಸಿದ. ಅಲ್ಲಿಂದ ಕೋಳಿಗಳಿಗೆ ಅಗ್ಗದ, ತೀಡದ ಅಕ್ಕಿಯೇ ಗತಿಯಾಯಿತು, ಕೋಳಿಗಳು ಬದುಕಿದವು. ಆ ಅಡುಗೆಯವನ ಜಿಪುಣತನವು ಲೋಕಕ್ಕೆ ಮಾಡಿದ ಉಪಕಾರ ಸಣ್ಣದಲ್ಲ.

ಐಕ್‌ಮನ್ನರು ಮಾತ್ರ ಇದನ್ನು ಪೂರ್ತಿ ಸರಿಯಾಗಿ ಅರ್ಥೈಸಲಿಲ್ಲ. ಪಿಷ್ಟದಲ್ಲಿ ವಿಷವಿದೆ, ತವುಡಿನಲ್ಲಿ ಅದಕ್ಕೆ ಮದ್ದಿದೆ ಎಂದುಕೊಂಡರು. ವಿಷದ ಮಾತೇ ಇಲ್ಲ, ದೇಹಕ್ಕೆ ಅಗತ್ಯವಾದುದೊಂದು ಕೊರತೆಯಾಗುತ್ತಿದೆ ಎಂದು 1901ರಲ್ಲಿ ತಿಳಿಸಿದವರು ಅವರ ನಂತರ ಅಲ್ಲಿಗೆ ಬಂದ ಗ್ರೈನ್ಸ್. 1910ರಲ್ಲಿ ಜಪಾನಿನ ಉಮೆತಾರೊ ಸುಜುಕಿ ಅಕ್ಕಿಯ ತವುಡಿನಿಂದ ಆ ಸಾರವನ್ನು ಬೇರ್ಪಡಿಸಿದರು. ಮರುವರ್ಷಗಳಲ್ಲಿ ಕಾಸಿಮಿರ್ ಫಂಕ್ ಅಂಥ ಪದಾರ್ಥಗಳಿಗೆ ವಿಟಮಿನ್ ಎಂಬ ಹೆಸರು ಕೊಟ್ಟರು. 1926ರಲ್ಲಿ ಅದೇ ಬಟೇವಿಯಾದಲ್ಲಿ ಯಾನ್ಸೆನ್ ಮತ್ತು ಡೊನಾಥ್ ತವುಡಿನಿಂದಲೇ ಬಿ-1 ಜೀವಸತ್ವದ ಶುದ್ಧ ಹರಳುಗಳನ್ನು ಪಡೆದರು. 1929ರಲ್ಲಿ ಐಕ್‌ಮನ್ನರಿಗೆ ನೊಬೆಲ್ ಪಾರಿತೋಷಕ ಬಂದಿತು. ಜೀವಸತ್ವ ಎಂಬ ಕಲ್ಪನೆಯೇ ಹುಟ್ಟಿದ್ದು ತವುಡಿನ ಗರ್ಭದಿಂದ ಎಂದರೆ ಅತಿಶಯೋಕ್ತಿಯಾಗದು.

ನಮ್ಮ ದೇಶದಲ್ಲಿ ಬೆರಿಬೆರಿ ಕಾಡಿದ್ದು ಮುಖ್ಯವಾಗಿ ಆಂಧ್ರದ ಕರಾವಳಿಯಲ್ಲಿ, ತೀಡಿದ ಹಸಿ ಅಕ್ಕಿಯನ್ನು ಉಣ್ಣುವವರಲ್ಲಿ. ಕುಚ್ಚಲಕ್ಕಿ ಉಣ್ಣುವ ಕಡೆ ಅದು ಸುಳಿಯಲಿಲ್ಲ. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ ಬೇಯಿಸುವಾಗ ತವುಡಿನಲ್ಲಿರುವ ಬಿ-1 ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ತೀಡಿದರೂ ಒಂದಿಷ್ಟು ಉಳಿಯುತ್ತದೆ. ನಮ್ಮ ಕರಾವಳಿಯ ಅಜ್ಜಿಯಂದಿರು ಯಾವ ವಿಜ್ಞಾನಿಯನ್ನೂ ಕೇಳದೆ ಅದನ್ನು ಮಾಡುತ್ತಿದ್ದರು. 1934ರಲ್ಲಿ ಗಾಂಧೀಜಿಯವರು ಗ್ರಾಮೋದ್ಯೋಗ ಸಂಘವನ್ನು ಕಟ್ಟಿದಾಗ ಕೈಕುಟ್ಟಿನ ಅಕ್ಕಿ, ಬೀಸುವ ಕಲ್ಲಿನ ಹಿಟ್ಟು ಅವರ ಕಾರ್ಯಕ್ರಮದ ಮೊದಲ ಸಾಲಿನಲ್ಲಿದ್ದವು.

ಈಚಿನ ಕಥೆ ಇನ್ನೂ ವಿಚಿತ್ರ. ಅಕ್ಕಿಯ ಸತ್ವವನ್ನೆಲ್ಲ ಗಿರಣಿಯಲ್ಲಿ ತೀಡಿ ತೆಗೆದು, ಬಳಿಕ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸಿ ತಯಾರಿಸಿದ ಕಾಳುಗಳನ್ನು ನೂರಕ್ಕೆ ಒಂದರಂತೆ ಬೆರೆಸಿ ಪಡಿತರದಲ್ಲಿ ಕೊಡುವ ಕ್ರಮ ಬಂದಿತು. ಆ ಕಾಳು ನೀರಿನಲ್ಲಿ ತೇಲುತ್ತದೆಂದು ನಮ್ಮ ತಾಯಂದಿರು ಅದನ್ನು ಪ್ಲಾಸ್ಟಿಕ್ ಅಕ್ಕಿಯೆಂದು ಭಾವಿಸಿ ಆರಿಸಿ ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿರಿ, ಅದು ಪ್ಲಾಸ್ಟಿಕ್ ಅಲ್ಲ.

ಆಯುರ್ವೇದದ ದೃಷ್ಟಿ

ಚರಕ ಸಂಹಿತೆಯು ಯವವನ್ನು, ಎಂದರೆ ಬಾರ್ಲಿಯನ್ನು, ರೂಕ್ಷವೆಂದೂ ವಾಯುವನ್ನೂ ಮಲವನ್ನೂ ಹೆಚ್ಚಿಸುವುದೆಂದೂ ಹೇಳುತ್ತದೆ. ಪ್ರಮೇಹಿಗಳಿಗೆ ಅದನ್ನೇ ಪ್ರಧಾನ ಆಹಾರವಾಗಿ ವಿಧಿಸುತ್ತದೆ. ಗೋಧಿಯನ್ನು ಸ್ನಿಗ್ಧ, ಗುರು, ಮಧುರ ಎನ್ನುತ್ತದೆ. ಗೋಧಿಯ ಸ್ನಿಗ್ಧತೆ ಹೆಚ್ಚಾಗಿ ಒಳತಿರುಳಿನದು, ತವುಡು ರೂಕ್ಷವಾದುದು ಎಂಬುದು ನನ್ನ ಚಿಕಿತ್ಸಾನುಭವದ ತೀರ್ಮಾನ. ಎರಡೂ ಕೂಡಿದಾಗಲೇ ಕಾಳು ಸಮತೋಲದ ಆಹಾರವಾಗುವುದು. ಸಾಣಿಸಿದರೆ ಬರಿಯ ಗುರುತ್ವ ಉಳಿದು ಕಫ, ಮೇದಸ್ಸುಗಳಿಗೆ ದಾರಿ. ಬರಿಯ ತವುಡು ತಿಂದರೆ ವಾತ ಕೆರಳಿ ಹೊಟ್ಟೆಯುಬ್ಬರ. ಇದೇ ಕಾರಣಕ್ಕೆ ತವುಡನ್ನು ಒಣದಾಗಿ ತಿನ್ನದೆ ತುಪ್ಪ, ಶೇಂಗಾ, ಎಳ್ಳು, ಮಜ್ಜಿಗೆ ಇಂಥ ಸ್ನಿಗ್ಧ ಅಥವಾ ದ್ರವ ಪದಾರ್ಥದೊಡನೆ ಸೇವಿಸಬೇಕು.

ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಆಹಾರವನ್ನು ಪರೀಕ್ಷಿಸಲು ಎಂಟು ಅಂಶಗಳನ್ನು ಹೇಳಿದೆ. ಅವುಗಳಲ್ಲಿ ಕರಣ ಎಂದರೆ ಸಂಸ್ಕಾರ, ಸಂಯೋಗ ಎಂದರೆ ಯಾವುದರೊಡನೆ ಬೆರೆಸುವುದು, ರಾಶಿ ಎಂದರೆ ಪ್ರಮಾಣ. ತವುಡಿನ ಮಟ್ಟಿಗೆ ಈ ಮೂರನ್ನು ಹಿಡಿದರೆ ಸಾಕು. ಅದು ಔಷಧವೋ ಉಪದ್ರವವೋ ಎಂಬುದು ಅಲ್ಲಿಯೇ ನಿರ್ಧಾರವಾಗುತ್ತದೆ. ತುಷಸಹಿತ ಯವವನ್ನು ಹುಳಿ ಬರಿಸಿ ಮಾಡುವ ತುಷೋದಕ ಎಂಬ ಪಾನೀಯವೂ ನಮ್ಮ ಗ್ರಂಥಗಳಲ್ಲಿದೆ. ಹುಳಿ ಬರಿಸುವ ಈ ಸಂಸ್ಕಾರದ ಮಹತ್ವವನ್ನು ಮುಂದೆ ಹೇಳುತ್ತೇನೆ. ಬಿಸಿ ತವುಡನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಶೇಕ ಕೊಡುವುದಂತೂ ಇಂದಿಗೂ ನಮ್ಮ ಮನೆಗಳಲ್ಲಿ ಇರುವ ರೂಢಿ. ಹೊರಗಿನ ನೋವಿಗೆ ಒಪ್ಪುವ ತವುಡು ಒಳಗಿನ ಆಹಾರಕ್ಕೆ ಏಕೆ ಒಪ್ಪದೋ ತಿಳಿಯದು.

ಒಮ್ಮೆ ಒಬ್ಬ ವೃದ್ಧೆಗೆ ಈ ಮಾತು ಹೇಳಿದಾಗ ಅವರು, "ಡಾಕ್ಟರ್ರ, ಎಮ್ಮಿಗೆ ಹಾಕೂದನ್ನ ನನಗ ತಿನ್ನಂತೀರೇನು?" ಎಂದು ಸಿಟ್ಟಾದರು. "ಆಯಿ, ನಿಮ್ಮ ಎಮ್ಮಿ ಎಂದರ ಹೊಟ್ಟಿ ಕಟ್ಟೇತಿ ಅಂತ ನನ್ನ ಕಡೆ ಬಂದೈತೇನು?" ಎಂದೆ. ನಕ್ಕು ಒಪ್ಪಿಕೊಂಡರು.

ನಮ್ಮ ಭಾಗದ ಧಾನ್ಯಗಳು

ದೇಗಾಂವವೆಂದರೆ ಹೊರಗಿನವರಿಗೆ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ದೇವಾಲಯದ ಊರು. ನನಗೆ ಇದು ಎರಡು ಬಗೆಯ ಊಟಗಳು ಕೂಡುವ ಸೀಮೆ. ಪಶ್ಚಿಮಕ್ಕೆ ಖಾನಾಪುರದ ಕಡೆ ಮಳೆ ಹೆಚ್ಚು, ಭತ್ತದ ಗದ್ದೆ, ಅನ್ನದ ಊಟ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆ ಭೂಮಿ; ಜೋಳ, ಗೋಧಿ, ಕಡಲೆ. ಆದ್ದರಿಂದ ನಮ್ಮವರಿಗೆ ಎರಡೂ ತವುಡುಗಳ ಪರಿಚಯವಿದೆ.

ಜೋಳದ ರೊಟ್ಟಿ ನಮ್ಮ ಭಾಗ್ಯ. ಜೋಳವನ್ನು ಇಡಿಯಾಗಿ ಬೀಸಿ, ಇಡಿಯಾಗಿ ಬಡಿದು ಉಣ್ಣುತ್ತೇವೆ. ತವುಡು ತಾನಾಗಿಯೇ ಹೊಟ್ಟೆ ಸೇರುತ್ತದೆ. ಆದರೆ ರೊಟ್ಟಿ ಹಾಳೆಯಂತೆ ಬೆಳ್ಳಗಿರಬೇಕೆಂದು ಹಿಟ್ಟನ್ನು ಎರಡೆರಡು ಸಲ ಸಣ್ಣ ಕಣ್ಣಿನ ಜರಡಿಗೆ ಹಾಕುವ ಚಾಳಿ ಈಚೆಗೆ ಬಂದಿದೆ. ಕಸ, ಹುಳು ನೋಡಲು ಒಮ್ಮೆ ದೊಡ್ಡ ಕಣ್ಣಿನ ಸಾಣಿಗೆ ಹಿಡಿಯಿರಿ, ಅಷ್ಟು ಸಾಕು. ಗೋಧಿಯಲ್ಲಿ ಖಪ್ಲಿ ಅಥವಾ ಸದಕ ಎಂದು ಕರೆಯುವ ಹಳೆಯ ಕೆಂಪು ಗೋಧಿ ನಮ್ಮ ಜಿಲ್ಲೆಯಲ್ಲಿ ಇನ್ನೂ ಉಳಿದಿದೆ; ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಅದರಲ್ಲಿ ಡಿ.ಡಿ.ಕೆ. 1025, ಡಿ.ಡಿ.ಕೆ. 1029ರಂಥ ಸುಧಾರಿತ ತಳಿಗಳನ್ನೂ ಕೊಟ್ಟಿದೆ. ಹುಗ್ಗಿಗೆ, ಮಾದೇಲಿಗೆ ಅದರ ರುಚಿ ಬೇರೆಯೇ.

ಹುಗ್ಗಿಯ ಮಾತು ಬಂದಿತಲ್ಲ. ಗೋಧಿಗೆ ನೀರು ಚಿಮುಕಿಸಿ ಕುಟ್ಟಿ ತವುಡು ತೆಗೆದೇ ಹುಗ್ಗಿ ಮಾಡುವುದು. ಜಾತ್ರೆಯ ದಾಸೋಹದ ಹುಗ್ಗಿಗೂ ತವುಡು ಬೆರೆಸಿರೆಂದು ನಾನು ಹೇಳಲಾರೆ. ವರ್ಷಕ್ಕೆ ನಾಲ್ಕು ಸಲ ಉಣ್ಣುವ ಹುಗ್ಗಿಯಿಂದ ಯಾರಿಗೂ ಕೇಡಾಗದು. ನಾನು ಹೇಳುತ್ತಿರುವುದು ಉಳಿದ ದಿನಗಳ ಊಟದ ಬಗೆಗೆ.

ಸಿರಿಧಾನ್ಯಗಳ ಬಗೆಗೆ ಒಂದು ಎಚ್ಚರಿಕೆ ಅಗತ್ಯ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ನವಣೆ, ಸಾಮೆಗಳು ಪೇಟೆಯಲ್ಲಿ ಬಂಗಾರದ ಬೆಲೆಗೆ ಮಾರಾಟವಾಗುತ್ತಿವೆ. ಆದರೆ ಬಹಳಷ್ಟು ಪೊಟ್ಟಣಗಳಲ್ಲಿರುವುದು ತೀಡಿ ಹೊಳಪು ಕೊಟ್ಟ ಕಾಳು. ತವುಡು ಹೋದ ನವಣೆಯೂ ತವುಡು ಹೋದ ಅಕ್ಕಿಯೂ ದೂರದ ಸಂಬಂಧಿಗಳಲ್ಲ, ಒಡಹುಟ್ಟಿದವರೇ. ಕಾಳು ಸ್ವಲ್ಪ ಮಾಸಲಾಗಿ, ಒರಟಾಗಿ ಕಾಣುವುದನ್ನೇ ಆರಿಸಿಕೊಳ್ಳಿರಿ. ಹಾಗೆಯೇ ಬೇಕರಿಯ ಕಂದು ಬಣ್ಣದ ಬ್ರೆಡ್ಡು ಗೋಧಿಯದೇ ಎಂದು ನಂಬುವ ಮುನ್ನ ಪೊಟ್ಟಣದ ಹಿಂಬದಿ ಓದಿರಿ. ಸುಟ್ಟ ಸಕ್ಕರೆಯ ಬಣ್ಣ ಹಾಕಿದ ಮೈದಾ ಇರುವುದುಂಟು.

ಅಡುಗೆಮನೆಯಲ್ಲಿ

ನನ್ನ ಮೊದಲ ಸಲಹೆ ತವುಡು ಬೆರೆಸಿರಿ ಎಂಬುದಲ್ಲ, ತೆಗೆಯಬೇಡಿರಿ ಎಂಬುದು. ಇಡಿ ಧಾನ್ಯದಲ್ಲಿ ತವುಡು, ಮೊಳಕೆ, ಪಿಷ್ಟ ಮೂರೂ ತಮ್ಮ ಪ್ರಮಾಣದಲ್ಲಿರುತ್ತವೆ. ಗೋಧಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಗಿರಣಿಯಲ್ಲಿ ಬೀಸಿಸಿ, ಸಾಣಿಸದೆ ಬಳಸುವ ಮನೆಯಲ್ಲಿ ಬೇರೆ ತವುಡಿನ ಅಗತ್ಯವೇ ಬಹುತೇಕ ಇಲ್ಲ. ಚಪಾತಿ ಗಟ್ಟಿಯಾಗುತ್ತದೆಂಬ ದೂರು ಬರುತ್ತದೆ. ಹಿಟ್ಟಿಗೆ ತುಸು ಹೆಚ್ಚು ನೀರು ಹಾಕಿ ನಾದಿ ಅರ್ಧ ತಾಸು ಮುಚ್ಚಿಡಿರಿ. ತವುಡು ನೀರು ಹೀರಿ ಮೆತ್ತಗಾಗುತ್ತದೆ.

ಮನೆಯಲ್ಲಿ ಸಾಣಿಸುವ ರೂಢಿ ಬಿಡಲಾಗದವರು, ಅಥವಾ ಮಧುಮೇಹ, ಮಲಬದ್ಧತೆಗಳಿಗೆ ಹೆಚ್ಚು ನಾರು ಬೇಕಾದವರು ಗೋಧಿ ತವುಡನ್ನು ಕಾಯ್ದಿರಿಸಿಕೊಳ್ಳಬಹುದು. ಅದನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಘಮ ಬರುವವರೆಗೆ ಐದಾರು ನಿಮಿಷ ಹುರಿದು, ಪೂರ್ತಿ ಆರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಎರಡು ಮೂರು ವಾರ ಕೆಡುವುದಿಲ್ಲ. ಒಂದು ದೊಡ್ಡ ಚಮಚ ತವುಡಿನಲ್ಲಿ ಸುಮಾರು ಒಂದೂವರೆ ಗ್ರಾಂ ನಾರು ಇರುತ್ತದೆ. ದಿನಕ್ಕೆ ಒಂದು ಚಮಚದಿಂದ ಆರಂಭಿಸಿ, ಹೊಟ್ಟೆ ಒಗ್ಗಿದ ಮೇಲೆ ಎರಡು ಮೂರಕ್ಕೆ ಏರಿಸಬಹುದು. ಅದಕ್ಕಿಂತ ಹೆಚ್ಚು ಬೇಡ.

ಬಳಸುವ ದಾರಿಗಳು ಹಲವು. ಥಾಲಿಪೀಠದ ಹಿಟ್ಟಿಗೆ, ಮೆಂತ್ಯ ಸೊಪ್ಪಿನ ಚಪಾತಿಗೆ, ಜುಣಕಕ್ಕೆ ಒಂದು ಚಮಚ ಬೆರೆಸಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ನನಗೆ ಎಲ್ಲಕ್ಕಿಂತ ಒಪ್ಪಿಗೆಯಾದದ್ದು ಹಿಂಡಿ. ಅಗಸಿ ಹಿಂಡಿ ಕುಟ್ಟುವಾಗ ಹುರಿದ ಅಗಸಿಯ ಕಾಲು ಭಾಗದಷ್ಟು ಹುರಿದ ತವುಡು ಸೇರಿಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪು, ಚೂರು ಬೆಲ್ಲ, ಹುಣಸೆ ಹಾಕಿ ಕುಟ್ಟಿರಿ. ರೊಟ್ಟಿಯ ಮೇಲೆ ಈ ಹಿಂಡಿ, ಅದರ ಮೇಲೆ ಶೇಂಗಾ ಎಣ್ಣೆ ಅಥವಾ ಗಟ್ಟಿ ಮೊಸರು. ರೂಕ್ಷಕ್ಕೆ ಸ್ನಿಗ್ಧ ಜೊತೆಯಾಯಿತು, ಸಂಯೋಗ ಸರಿಯಾಯಿತು. ಮಕ್ಕಳಿಗಾದರೆ ಹುರಿದ ಶೇಂಗಾ, ಎಳ್ಳು, ಬೆಲ್ಲದ ಉಂಡಿಯಲ್ಲಿ ಸ್ವಲ್ಪವೇ ಸ್ವಲ್ಪ.

ಇನ್ನು ಅಂಬಲಿ. ತವುಡಿನಲ್ಲಿ ಫೈಟಿಕ್ ಆಮ್ಲ ಎಂಬ ಪದಾರ್ಥವಿದೆ. ಅದು ಕಬ್ಬಿಣ, ಸತುಗಳನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಕೋಷ್ಟಕದಲ್ಲಿ ಕಾಣುವ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲವೆಂಬುದನ್ನು ತವುಡನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ನೆನೆಸುವುದರಿಂದ, ಹುಳಿ ಬರಿಸುವುದರಿಂದ ಈ ಆಮ್ಲದ ಬಹಳಷ್ಟು ಭಾಗ ಒಡೆಯುತ್ತದೆ. ಜೋಳದ ಹಿಟ್ಟಿಗೆ ಒಂದು ಚಮಚ ತವುಡು ಸೇರಿಸಿ ರಾತ್ರಿ ನೀರಿನಲ್ಲಿ ಕದಡಿ, ತುಸು ಮಜ್ಜಿಗೆ ಹಾಕಿಟ್ಟು, ಮುಂಜಾನೆ ಕುದಿಸಿ, ಆರಿದ ಮೇಲೆ ಮತ್ತಷ್ಟು ಮಜ್ಜಿಗೆ, ಜೀರಿಗೆ, ಕೊತ್ತಂಬರಿ ಹಾಕಿ ಕುಡಿಯಿರಿ. ಇಲ್ಲಿ ಹುರಿಯದ ತವುಡೇ ಲೇಸು, ಏಕೆಂದರೆ ಆಮ್ಲವನ್ನು ಒಡೆಯುವ ಕಿಣ್ವವು ಹುರಿದರೆ ನಾಶವಾಗುತ್ತದೆ. ಕುದಿಸುವುದು ಹೇಗೂ ಇದ್ದೇ ಇದೆ. ಮಾದಾರ ಚೆನ್ನಯ್ಯನವರ ಮನೆಯ ಅಂಬಲಿಯನ್ನು ಶಿವನೇ ಬಯಸಿ ಸವಿದನೆಂಬ ಕಥೆ ನಮ್ಮಲ್ಲಿ ಬೆಳೆದದ್ದು ಸುಮ್ಮನಲ್ಲ. ಜಪಾನೀಯರು ಅಕ್ಕಿಯ ತವುಡನ್ನು ಉಪ್ಪುನೀರಿನಲ್ಲಿ ಹುಳಿ ಬರಿಸಿ ಅದರೊಳಗೆ ಸೌತೆ, ಮೂಲಂಗಿಗಳನ್ನು ಹೂತಿಟ್ಟು ಉಪ್ಪಿನಕಾಯಿ ಮಾಡುತ್ತಾರೆ. ತವುಡಿನ ಬಿ-1 ತರಕಾರಿಗೆ ಇಳಿಯುತ್ತದೆ.

ಅಕ್ಕಿಯ ತವುಡಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ಅದರಲ್ಲಿರುವ ಎಣ್ಣೆಯು ತೀಡಿದ ಕೆಲವೇ ತಾಸುಗಳಲ್ಲಿ ಕೆಡಲಾರಂಭಿಸುತ್ತದೆ. ಕಮಟು ವಾಸನೆ ಅದರ ಗುರುತು. ಹಳೆಯ ಹಲ್ಲರ್ ಗಿರಣಿಗಳ ತವುಡಿನಲ್ಲಿ ಹೊಟ್ಟಿನ ಚೂರು ಬೆರೆತಿರುತ್ತದೆ. ಅದು ಕರುಳಿಗೆ ಹಿತವಲ್ಲ. ಭತ್ತದ ಹೊರಪದರದಲ್ಲಿ ಆರ್ಸೆನಿಕ್‌ನಂಥ ಅಂಶಗಳೂ ಒಳತಿರುಳಿಗಿಂತ ಹೆಚ್ಚು ಸಂಗ್ರಹವಾಗುತ್ತವೆ. ಆದ್ದರಿಂದ ಅಕ್ಕಿಯ ತವುಡನ್ನು ಬೇರೆಯಾಗಿ ತಿನ್ನುವುದಕ್ಕಿಂತ ಕಡಿಮೆ ತೀಡಿದ ಅಕ್ಕಿಯನ್ನು ಉಣ್ಣುವುದು ಮೇಲು. ಗಿರಣಿಯವರಿಗೆ ಒಂದೇ ಸುತ್ತು ತೀಡಿಕೊಡಲು ಹೇಳಿರಿ. ಅನ್ನಕ್ಕೆ ನೀರು, ಸಮಯ ಎರಡೂ ಹೆಚ್ಚು ಬೇಕು. ಒಂದು ತಾಸು ನೆನೆಸಿದರೆ ಸುಲಭ.

ಪಶು ಆಹಾರದ ಅಂಗಡಿಯ ಬೂಸಾ ಚೀಲವನ್ನು ಅಡುಗೆಗೆ ತರಲೇಬೇಡಿರಿ. ಅದನ್ನು ಮನುಷ್ಯರ ಆಹಾರವೆಂದು ಶುಚಿ ಮಾಡಿರುವುದಿಲ್ಲ. ತೇವ ತಗುಲಿ ಬೂಷ್ಟು ಹಿಡಿದಿದ್ದರೆ ಅದರ ವಿಷ ಹುರಿದರೂ ಹೋಗುವುದಿಲ್ಲ.

ಯಾರಿಗೆ ಬೇಡ

ಈ ಭಾಗವನ್ನು ಓದದೆ ಪುಟ ತಿರುಗಿಸಬಾರದೆಂದು ವಿನಂತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ರಕ್ತಹೀನರು. ನನ್ನಲ್ಲಿಗೆ ಬಂದಿದ್ದ ಒಬ್ಬ ಎಳೆಯ ತಾಯಿಗೆ ಹಿಮೋಗ್ಲೋಬಿನ್ ಎಂಟರ ಆಸುಪಾಸು. ಕಬ್ಬಿಣದ ಗುಳಿಗೆ ತಿಂಗಳುಗಟ್ಟಲೆ ನುಂಗಿದರೂ ಏರಲೊಲ್ಲದು. ವಿಚಾರಿಸಿದರೆ, ಯಾರೋ ಹೇಳಿದರೆಂದು ಮುಂಜಾನೆ ಮೂರು ಚಮಚ ಹಸಿ ತವುಡು ಕಲಸಿದ ಹಾಲು ಕುಡಿದು, ಅದರ ಮೇಲೆ ಗುಳಿಗೆ, ಅದರ ಮೇಲೆ ಚಹಾ. ಮೂರೂ ಸೇರಿ ಕಬ್ಬಿಣದ ದಾರಿಯನ್ನು ಕಟ್ಟಿದ್ದವು. ತವುಡು ನಿಲ್ಲಿಸಿ, ಚಹಾ ದೂರವಿಟ್ಟು, ಗುಳಿಗೆಯನ್ನು ಲಿಂಬೆರಸದ ನೀರಿನೊಡನೆ ನುಂಗಲು ಹೇಳಿದೆ. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಹತ್ತು ದಾಟಿತು. ರಕ್ತಹೀನತೆ ಇರುವವರು, ಗರ್ಭಿಣಿಯರು ಸಾಣಿಸದ ಹಿಟ್ಟಿನ ರೊಟ್ಟಿ ಉಣ್ಣಲಿ. ಬೇರೆಯಾಗಿ ತವುಡು ಸೇರಿಸಿಕೊಳ್ಳುವುದು ಬೇಡ. ಐದು ವರ್ಷದೊಳಗಿನ ಮಕ್ಕಳ ಹೊಟ್ಟೆ ಸಣ್ಣದು. ತವುಡಿನಿಂದ ತುಂಬಿದರೆ ಬೇರೆ ಆಹಾರಕ್ಕೆ ಜಾಗವಿರದು.

ಮೂತ್ರಪಿಂಡದ ಕಾಯಿಲೆ ಇರುವವರಿಗೆ ತವುಡಿನ ರಂಜಕ, ಪೊಟ್ಯಾಸಿಯಂ ಭಾರವಾಗುತ್ತವೆ. ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು. ಕರುಳಿನ ಶಸ್ತ್ರಚಿಕಿತ್ಸೆಯಾದವರು, ಕರುಳು ಕಿರಿದಾಗಿರುವವರು, ಅತಿಸಾರ, ಗ್ರಹಣಿ ಇರುವವರು, ಗೋಧಿಯೇ ಒಗ್ಗದವರು ದೂರವಿರಬೇಕು. ಥೈರಾಯ್ಡ್ ಗುಳಿಗೆ ನುಂಗುವವರು ತವುಡಿಗೂ ಗುಳಿಗೆಗೂ ನಾಲ್ಕು ತಾಸು ಅಂತರವಿಡಲಿ. ಮಧುಮೇಹಿಗಳಿಗೆ ತವುಡು ಒಳ್ಳೆಯದು, ನಿಜ. ಆದರೆ ಅದನ್ನು ನಂಬಿ ಔಷಧ ಬಿಟ್ಟು ಕಾಲಿನ ಹುಣ್ಣಿನೊಡನೆ ಬಂದವರನ್ನು ನಾನು ಕಂಡಿದ್ದೇನೆ.

ತವುಡು ತಿಂದವರು ನೀರು ಕುಡಿಯಲೇಬೇಕು. ಸಾಕಷ್ಟು ನೀರಿಲ್ಲದೆ ಒಣ ತವುಡು ನುಂಗಿದ ಒಬ್ಬ ಹಿರಿಯರಿಗೆ ಮಲ ಕಲ್ಲಿನಂತೆ ಕಟ್ಟಿ, ಬಸ್ತಿ ಕೊಟ್ಟು ತೆಗೆಯಬೇಕಾಯಿತು. ಐವತ್ತು ದಾಟಿದವರಲ್ಲಿ ಹೊಸದಾಗಿ ಆರಂಭವಾದ ಮಲಬದ್ಧತೆ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ತವುಡು, ಇಸಬಗೋಲ, ನನ್ನ ಈ ಲೇಖನ ಎಲ್ಲವನ್ನೂ ಪಕ್ಕಕ್ಕಿಟ್ಟು ಅದೇ ವಾರ ಆಸ್ಪತ್ರೆಗೆ ಹೋಗಿ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳಿರಿ.